ಒಂದೇ ಮೂಲ ಪಾಸ್‌ವರ್ಡ್‌ನಿಂದ ಹಲವು ಪಾಸ್‌ವರ್ಡ್‌ಗಳು: ವಿಧಾನ ಮತ್ತು ಮಿತಿ

ಗ್ರಾಮ ಪಂಚಾಯತಿಯ ಕಡತ, ತೆರಿಗೆ, ಪಾವತಿ ವ್ಯವಹಾರಗಳ ಬಹುಪಾಲು ಈಗ ಗಣಕಯಂತ್ರದ ಮೂಲಕವೇ ನಡೆಯುತ್ತಿರುವುದು ಮಾನ್ಯ ಸದಸ್ಯರಿಗೆ ತಿಳಿದ ವಿಷಯ. ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮ್ ಸ್ವರಾಜ್ ತಂತ್ರಾಂಶಗಳಿಗೆ ಒಂದೊಂದು ಪಾಸ್‌ವರ್ಡ್ ಬೇಕು. ಸದಸ್ಯರ ಸ್ವಂತ ಇ-ಮೇಲ್, ಬ್ಯಾಂಕ್ ಖಾತೆ, ಡಿಜಿಲಾಕರ್ ಇತ್ಯಾದಿಗಳು ಬೇರೆ. ಇಷ್ಟನ್ನೂ ನೆನಪಿನಲ್ಲಿಡುವುದು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದಲೇ ಊರಿನ ಹೆಸರಿಗೆ 123 ಸೇರಿಸಿ ಅದನ್ನೇ ಎಲ್ಲೆಡೆ ಬಳಸುವ ರೂಢಿ ಬೆಳೆದಿದೆ.

ಈ ರೂಢಿಯ ಅಪಾಯ ಕಾಲ್ಪನಿಕವಲ್ಲ. ಲಿಂಕ್ಡ್‌ಇನ್ ಜಾಲತಾಣದಿಂದ 2012ರಲ್ಲಿ ಕಳವಾದ ಸುಮಾರು 11.7 ಕೋಟಿ ಖಾತೆಗಳ ವಿವರಗಳು 2016ರಲ್ಲಿ ಅಂತರ್ಜಾಲದಲ್ಲಿ ಮಾರಾಟಕ್ಕೆ ಬಂದವು. ಇಂತಹ ಪಟ್ಟಿ ಕೈಸೇರಿದವರು ಅದೇ ಇ-ಮೇಲ್ ಮತ್ತು ಅದೇ ಪಾಸ್‌ವರ್ಡ್ ಅನ್ನು ಇತರ ನೂರಾರು ತಾಣಗಳಲ್ಲಿ ಯಂತ್ರದ ಸಹಾಯದಿಂದ ಪ್ರಯತ್ನಿಸುತ್ತಾರೆ. ಯಾವುದೋ ಅಂಗಡಿಯ ತಾಣದಲ್ಲಿ ಸೋರಿದ ಪಾಸ್‌ವರ್ಡ್ ಬ್ಯಾಂಕಿನ ಬಾಗಿಲನ್ನೂ ತೆರೆಯುವುದು ಹೀಗೆ.

ಇದಕ್ಕೆ ಪರಿಹಾರವಾಗಿ, ಒಂದೇ ಮೂಲ ಪಾಸ್‌ವರ್ಡ್ ನೆನಪಿಟ್ಟುಕೊಂಡು ಪ್ರತಿ ತಾಣಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಪಡೆಯುವ ವಿಧಾನವೊಂದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಜ್ಞರು 2005ರಲ್ಲಿ ಪಿಡಬ್ಲ್ಯುಡಿ-ಹ್ಯಾಶ್ ಎಂಬ ಇಂತಹ ಸಾಧನವನ್ನು ಮಂಡಿಸಿದರು. (ಹೆಸರು ಕೇಳಿ ಲೋಕೋಪಯೋಗಿ ಇಲಾಖೆಯನ್ನು ನೆನೆಯಬೇಕಾಗಿಲ್ಲ.) ಈಚಿನ ಲೆಸ್‌ಪಾಸ್ ಎಂಬ ಉಚಿತ ತಂತ್ರಾಂಶವೂ ಇದೇ ಜಾತಿಯದು. ಮೂಲ ಪಾಸ್‌ವರ್ಡ್, ತಾಣದ ಹೆಸರು, ಬಳಕೆದಾರರ ಹೆಸರು ಇವು ಮೂರನ್ನೂ ಕೊಟ್ಟರೆ, ತಂತ್ರಾಂಶವು ಅವನ್ನು ಗಣಿತ ಕ್ರಿಯೆಯೊಂದಕ್ಕೆ ಒಳಪಡಿಸಿ ಆ ತಾಣಕ್ಕೆ ಮಾತ್ರ ಸಲ್ಲುವ ಪಾಸ್‌ವರ್ಡ್ ತೋರಿಸುತ್ತದೆ. ನಾಳೆ ಅವೇ ಮೂರನ್ನು ಕೊಟ್ಟರೆ ಅದೇ ಉತ್ತರ ಬರುವುದರಿಂದ ಯಾವುದನ್ನೂ ಎಲ್ಲಿಯೂ ಉಳಿಸಿಡಬೇಕಾಗಿಲ್ಲ.

ಈ ಕ್ರಿಯೆಯನ್ನು ಹಿಟ್ಟಿನ ಗಿರಣಿಗೆ ಹೋಲಿಸಬಹುದು. ರಾಗಿ, ಜೋಳ ಬೆರೆಸಿ ಬೀಸಿದ ಮೇಲೆ ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯಲಾಗದು. ಆದರೆ ಹೋಲಿಕೆ ಒಂದು ಕಡೆ ಸಾಲದು: ಗಿರಣಿಯಲ್ಲಿ ಒಂದು ಕಾಳು ಬದಲಾದರೆ ಹಿಟ್ಟು ಹೆಚ್ಚುಕಡಿಮೆ ಅದೇ ಆಗಿರುತ್ತದೆ, ಇಲ್ಲಿ ಒಂದು ಅಕ್ಷರ ಬದಲಾದರೆ ಉತ್ತರ ಸಂಪೂರ್ಣ ಬೇರೆಯಾಗುತ್ತದೆ.

ಹಿಟ್ಟಿನಿಂದ ಕಾಳು ಬಾರದಿದ್ದರೂ ಊಹೆಗೆ ಅವಕಾಶವಿದ್ದೇ ಇದೆ. ಒಂದು ತಾಣದ ಪಾಸ್‌ವರ್ಡ್ ಸೋರಿದಲ್ಲಿ ಕಳ್ಳನು ಊರು, ಮನೆದೇವರು, ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಅದೇ ಕ್ರಿಯೆಗೆ ಕೊಟ್ಟು, ಉತ್ತರ ತಾಳೆಯಾಗುವವರೆಗೆ ಪ್ರಯತ್ನಿಸಬಲ್ಲನು. ತಾಳೆಯಾದ ಗಳಿಗೆಯಲ್ಲಿ ಎಲ್ಲ ಬಾಗಿಲುಗಳೂ ಅವನ ವಶ. ಈ ಪ್ರಯತ್ನವನ್ನು ನಿಧಾನಗೊಳಿಸಲೆಂದು ಲೆಸ್‌ಪಾಸ್ ಒಂದೇ ಕ್ರಿಯೆಯನ್ನು 1 ಲಕ್ಷ ಬಾರಿ ಪುನರಾವರ್ತಿಸುತ್ತದೆ. ಆದಾಗ್ಯೂ ಮೂಲ ಪಾಸ್‌ವರ್ಡ್ ದುರ್ಬಲವಾಗಿದ್ದರೆ ಇದರಿಂದ ರಕ್ಷಣೆ ದೊರೆಯದು.

ಹಾಗಾಗಿ ಇಡೀ ಭದ್ರತೆ ಮೂಲ ಪಾಸ್‌ವರ್ಡ್ ಆಯ್ಕೆಯ ಮೇಲೆ ನಿಂತಿದೆ. 1995ರಿಂದ ಬಳಕೆಯಲ್ಲಿರುವ ಡೈಸ್‌ವೇರ್ ಪದ್ಧತಿಯಲ್ಲಿ 7,776 ಪದಗಳ ಪಟ್ಟಿಯಿಂದ ದಾಳ ಎಸೆದು ಪದಗಳನ್ನು ಆರಿಸಲಾಗುತ್ತದೆ. ಐದು ಪದಗಳಾದರೆ ಸಾಧ್ಯತೆಗಳ ಎಣಿಕೆ 20 ಅಂಕಿಗಳ ಸಂಖ್ಯೆಯಾಗುತ್ತದೆ. ಕನ್ನಡ ನಿಘಂಟನ್ನು ಕಣ್ಣುಮುಚ್ಚಿ ತೆರೆದು ಬೆರಳು ಬಿದ್ದ ಆರು ಪದಗಳನ್ನು ಜೋಡಿಸಿಕೊಳ್ಳುವುದು ದಾಳದಷ್ಟು ನಿಷ್ಪಕ್ಷಪಾತವಲ್ಲ. ಆದರೂ ನಾವೇ ಯೋಚಿಸಿ ಆರಿಸಿದ್ದಕ್ಕಿಂತ ಎಷ್ಟೋ ಮೇಲು. ನೊಗ, ಸುಣ್ಣ, ಗಡಿಯಾರ, ಹುರುಳಿ ಎಂಬಂತಹ ಸಂಬಂಧವಿಲ್ಲದ ಪದಗಳ ಸಾಲು ಎರಡು ದಿನದಲ್ಲಿ ಬಾಯಿಪಾಠವಾಗುತ್ತದೆ. ಗಾದೆ, ವಚನ, ಚಿತ್ರಗೀತೆಯ ಸಾಲು ಬೇಡ. ಅವು ಕಳ್ಳರ ಪಟ್ಟಿಯಲ್ಲೂ ಇರಬಹುದು. ಪದಗಳು ಕನ್ನಡದವಾದರೂ ಇಂಗ್ಲಿಷ್ ಅಕ್ಷರಗಳಲ್ಲಿ, ಯಾವಾಗಲೂ ಒಂದೇ ಕಾಗುಣಿತದಲ್ಲಿ ಟೈಪು ಮಾಡುವುದು ಒಳಿತು. ಕನ್ನಡ ಲಿಪಿಯಲ್ಲಿ ಕಣ್ಣಿಗೆ ಒಂದೇ ರೀತಿ ಕಾಣುವ ಪದವು ನುಡಿಯಲ್ಲಿ ಮತ್ತು ಯೂನಿಕೋಡ್‌ನಲ್ಲಿ ಬೇರೆ ಬೇರೆ ಸಂಕೇತಗಳಾಗಿರುತ್ತದೆ. ಸಂಕೇತ ಬದಲಾದರೆ ಉತ್ತರವೂ ಬದಲು.

ಮೂಲ ಪಾಸ್‌ವರ್ಡ್ ಅನ್ನು ಕಛೇರಿಯ ಅಥವಾ ಸೈಬರ್ ಕೇಂದ್ರದ ಗಣಕಯಂತ್ರದಲ್ಲಿ ಎಂದಿಗೂ ಟೈಪು ಮಾಡಬಾರದು. ಒತ್ತಿದ ಕೀಲಿಗಳನ್ನೆಲ್ಲ ದಾಖಲಿಸುವ ಕಳ್ಳ ತಂತ್ರಾಂಶ ಅಲ್ಲಿ ಇರಬಹುದು. ಸ್ವಂತ ಮೊಬೈಲಿನಲ್ಲಿ ತಾಣದ ಪಾಸ್‌ವರ್ಡ್ ಪಡೆದು, ಅದನ್ನಷ್ಟೇ ನೋಡಿಕೊಂಡು ಗಣಕಯಂತ್ರದಲ್ಲಿ ನಮೂದಿಸಿದರೆ, ಕಳುವಾದರೂ ಒಂದು ತಾಣದ್ದು ಮಾತ್ರ ಹೋಗುತ್ತದೆ.

ವಿಧಾನಕ್ಕೆ ಮಿತಿಗಳೂ ಇವೆ. ಒಂದು ತಾಣದ ಪಾಸ್‌ವರ್ಡ್ ಬದಲಿಸಬೇಕಾದರೆ ತಂತ್ರಾಂಶದಲ್ಲಿ ಕ್ರಮಸಂಖ್ಯೆಯನ್ನು 1ರಿಂದ 2ಕ್ಕೆ ಏರಿಸಬೇಕು, ಏರಿಸಿದ್ದನ್ನು ನೆನಪಿಡಲೂ ಬೇಕು. ಮೂಲ ಪಾಸ್‌ವರ್ಡ್ ಬದಲಿಸಿದರೆ ಎಲ್ಲ ತಾಣಗಳಲ್ಲೂ ಬದಲಿಸಬೇಕಾಗುತ್ತದೆ. ಮರೆತರೆ ಮರಳಿ ಕೊಡುವವರು ಯಾರೂ ಇಲ್ಲ. ಇಷ್ಟು ನೆನಪಿನ ಭಾರ ಬೇಡವೆನ್ನುವವರಿಗೆ ಬಿಟ್‌ವಾರ್ಡನ್, ಕೀಪಾಸ್‌ಗಳಂತಹ ಬೀಗ ಹಾಕಿದ ಪೆಟ್ಟಿಗೆಯ ಮಾದರಿಯ ತಂತ್ರಾಂಶಗಳೇ ಹೆಚ್ಚು ಅನುಕೂಲ. ಅವೂ ಒಂದೇ ಮೂಲ ಪಾಸ್‌ವರ್ಡ್‌ನಿಂದ ತೆರೆಯುತ್ತವೆ. ಯಾವುದನ್ನು ಆರಿಸಿದರೂ ಮೂಲ ಪಾಸ್‌ವರ್ಡ್‌ನ ಒಂದು ಪ್ರತಿಯನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಮುಚ್ಚಿ, ಮನೆಯ ಬೀರುವಿನಲ್ಲಿ ಇಡುವುದು ಸೂಕ್ತ. ಪಂಚಾಯತಿಯ ಬೀರು ಇದಕ್ಕೆ ತಕ್ಕ ಸ್ಥಳವಲ್ಲ.

ಪಂಚಾಯತಿಯ ತಂತ್ರಾಂಶಗಳ ಪಾಸ್‌ವರ್ಡ್‌ಗಳನ್ನು ಯಾರೊಬ್ಬರ ಸ್ವಂತ ಮೂಲ ಪಾಸ್‌ವರ್ಡ್‌ಗೆ ಕಟ್ಟಿಹಾಕಬಾರದು. ಅಧ್ಯಕ್ಷರು ಬದಲಾದಾಗ, ಸಿಬ್ಬಂದಿ ವರ್ಗಾವಣೆಯಾದಾಗ ಅವು ಹಸ್ತಾಂತರವಾಗಿ, ಅದೇ ದಿನ ಬದಲಾಗಬೇಕಾದವು.

ಡಿಜಿಟಲ್ ಸಹಿಯ ಡಾಂಗಲ್‌ನ ಸಂಗತಿಯೇ ಬೇರೆ. ಅದನ್ನೂ ಅದರ ಪಿನ್ ಸಂಖ್ಯೆಯನ್ನೂ ಅನುಕೂಲಕ್ಕೆಂದು ಡೇಟಾ ಎಂಟ್ರಿ ಆಪರೇಟರ್ ಬಳಿ ಬಿಡುವುದಾಗಲಿ, ಒಟಿಪಿ ಮನೆಯವರ ಮೊಬೈಲಿಗೆ ಬರುವಂತೆ ಮಾಡುವುದಾಗಲಿ ಸಲ್ಲದು. ಪಾವತಿಗೆ ಬಿದ್ದ ಸಹಿ ಡಾಂಗಲ್ ಯಾರ ಹೆಸರಿನಲ್ಲಿದೆಯೋ ಅವರದೇ. ಮುಂದೆ ಲೆಕ್ಕಪರಿಶೋಧನೆಯಲ್ಲಿ ಉತ್ತರಿಸಬೇಕಾದವರೂ ಅವರೇ. ಸಹಿಯ ಖಾಸಗಿ ಕೀಲಿಯನ್ನು ತನ್ನ ಹಿಡಿತದಲ್ಲೇ ಉಳಿಸಿಕೊಳ್ಳಲು ತಕ್ಕ ಎಚ್ಚರ ವಹಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 42ರ ಪ್ರಕಾರ ಸಹಿದಾರರ ಕರ್ತವ್ಯ. ಇನ್ನೊಬ್ಬರ ಪಾಸ್‌ವರ್ಡ್ ಅಥವಾ ವಿದ್ಯುನ್ಮಾನ ಸಹಿಯನ್ನು ವಂಚನೆಯಿಂದ ಬಳಸಿದವರಿಗೆ ಪ್ರಕರಣ 66ಸಿ ಅನ್ವಯ 3 ವರ್ಷಗಳವರೆಗೆ ಕಾರಾವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾಗಿದೆ. ಡಾಂಗಲ್ ಕಳೆದುಹೋದಲ್ಲಿ ಪ್ರಮಾಣಪತ್ರ ನೀಡಿದ ಸಂಸ್ಥೆಗೆ ತಡಮಾಡದೆ ತಿಳಿಸತಕ್ಕದ್ದು. ಖಾತೆಯಿಂದ ಹಣ ಹೋಗಿರುವುದು ಕಂಡುಬಂದಲ್ಲಿ ಬ್ಯಾಂಕಿಗೂ 1930 ಸಹಾಯವಾಣಿಗೂ ಕೂಡಲೇ ಕರೆಮಾಡತಕ್ಕದ್ದು.