ಗಂಡಸರ ಎದೆಯಲ್ಲಿ ಗಂಟು: ನಾಚಿಕೆ ಬೇಡ, ನಿರ್ಲಕ್ಷ್ಯವೂ ಬೇಡ

ರಕ್ತದೊತ್ತಡದ ತಪಾಸಣೆಗೆ ಬಂದಿದ್ದ, ಅರವತ್ತು ದಾಟಿದ ಹಿರಿಯರೊಬ್ಬರು ಬನಿಯನ್ ಎತ್ತಲು ಹಿಂಜರಿದರು. ಪರೀಕ್ಷಿಸಿದಾಗ ಎಡ ಮೊಲೆತೊಟ್ಟಿನ ಪಕ್ಕದಲ್ಲಿ ಅಡಿಕೆ ಗಾತ್ರದ ಗಟ್ಟಿ ಗಂಟು ಕೈಗೆ ಸಿಕ್ಕಿತು. ‘ಎಂಟು ತಿಂಗಳಾಯಿತು ಡಾಕ್ಟ್ರೇ. ನೋವಿಲ್ಲವಲ್ಲ ಎಂದು ಸುಮ್ಮನಿದ್ದೆ. ಇದು ಹೆಂಗಸರ ಕಾಯಿಲೆಯಲ್ಲವೇ?’ ಎಂದರು.

ಹಾಗೇನಿಲ್ಲ. ಗಂಡಸರಿಗೂ ಮೊಲೆತೊಟ್ಟಿನ ಹಿಂದೆ ಸ್ವಲ್ಪ ಸ್ತನ ಅಂಗಾಂಶವಿರುತ್ತದೆ. ಅಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ; ‘ಗೈನಿಕೋಮಾಸ್ಟಿಯಾ’ ಎಂಬ ಅಪಾಯವಿಲ್ಲದ ಬೆಳವಣಿಗೆ. ಪ್ರಾಯಕ್ಕೆ ಬರುವ ಹುಡುಗರಲ್ಲಿ ಇದು ಸಾಮಾನ್ಯ. ಬಹುಪಾಲು ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಿರಿಯರಲ್ಲಿ ಹಾರ್ಮೋನುಗಳ ಏರುಪೇರು, ಯಕೃತ್ತಿನ ಕಾಯಿಲೆ, ಸ್ಪೈರನೋಲ್ಯಾಕ್ಟೋನ್, ಫಿನಾಸ್ಟರೈಡ್‌ನಂಥ ಮಾತ್ರೆಗಳು ಕಾರಣವಾಗಬಹುದು. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ತೊಡಕಿರುವುದು ಇಲ್ಲೇ. ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಗಂಡಸರು ನೂರಕ್ಕೆ ಸುಮಾರು ಒಬ್ಬರು. ಇಷ್ಟು ಅಪರೂಪವಾದ್ದರಿಂದ ರೋಗಿಗೂ ಅನುಮಾನ ಬರುವುದಿಲ್ಲ, ಕೆಲವೊಮ್ಮೆ ವೈದ್ಯರಿಗೂ ತಕ್ಷಣ ಹೊಳೆಯುವುದಿಲ್ಲ. ‘ಕೊಬ್ಬು ಇರಬೇಕು’ ಎಂದು ದಿನ ದೂಡುತ್ತಾರೆ.

ಸಾಮಾನ್ಯವಾಗಿ ಗೈನಿಕೋಮಾಸ್ಟಿಯಾ ಮೊಲೆತೊಟ್ಟಿನ ನೇರ ಹಿಂದೆ ಬಿಲ್ಲೆಯಂತಿದ್ದು, ಮುಟ್ಟಿದರೆ ನೋಯಬಹುದು. ಎರಡೂ ಕಡೆ ಇರಬಹುದು. ಕ್ಯಾನ್ಸರ್ ಗಂಟು ಹೆಚ್ಚಾಗಿ ಒಂದೇ ಕಡೆ, ಗಟ್ಟಿಯಾಗಿ, ನೋವಿಲ್ಲದೆ ಇರುತ್ತದೆ. ನೋವಿಲ್ಲ ಎಂಬುದೇ ಸಮಾಧಾನವಾಗಬಾರದು! ತೊಟ್ಟು ಒಳಕ್ಕೆ ಎಳೆದುಕೊಂಡರೆ, ಬನಿಯನ್ನಿನ ಮೇಲೆ ರಕ್ತದ ಕಲೆ ಕಂಡರೆ, ಚರ್ಮದಲ್ಲಿ ಹುಣ್ಣಾದರೆ, ಕಂಕುಳಲ್ಲಿ ಗಡ್ಡೆ ಸಿಕ್ಕರೆ ತಡಮಾಡಬೇಡಿ.

ಆದರೆ ಈ ವ್ಯತ್ಯಾಸಗಳು ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ. ಕೈಯಿಂದ ಮುಟ್ಟಿ ಮಾತ್ರ ತೀರ್ಮಾನಿಸಲಾಗದು. ಮ್ಯಾಮೋಗ್ರಾಂ ಗಂಡಸರಿಗೂ ಮಾಡಬಹುದು. ಜೊತೆಗೆ ಅಲ್ಟ್ರಾಸೌಂಡ್ ನೆರವಾಗುತ್ತದೆ. ಅನುಮಾನ ಉಳಿದರೆ ಸೂಜಿಯಿಂದ ಚೂರು ಅಂಗಾಂಶ ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ಖಚಿತ ಉತ್ತರ ಕೊಡುತ್ತದೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯಕ್ಕೆ ಪರೀಕ್ಷೆ ತಪ್ಪಿಸಬೇಡಿ.

ಆ ಹಿರಿಯರ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರುವುದು ಖಚಿತವಾಯಿತು. ಶಸ್ತ್ರಚಿಕಿತ್ಸೆಯಾಯಿತು, ಈಗ ಟಾಮಾಕ್ಸಿಫೆನ್ ಮಾತ್ರೆ ನುಂಗುತ್ತಿದ್ದಾರೆ. ಅವರ ತಾಯಿಗೂ ಇದೇ ರೋಗವಿತ್ತೆಂದು ವಿಚಾರಿಸಿದಾಗ ತಿಳಿಯಿತು. ಬಿಆರ್‌ಸಿಎ-2 ಎಂಬ ವಂಶವಾಹಿಯ ದೋಷ ತಂದೆಯಿಂದಲೂ ಮಕ್ಕಳಿಗೆ ಬರಬಹುದು. ಆದ್ದರಿಂದ ಅವರ ಇಬ್ಬರು ಹೆಣ್ಣುಮಕ್ಕಳಿಗೂ ತಜ್ಞರ ಸಲಹೆ ಪಡೆಯಲು ಹೇಳಿದೆ.

ಸ್ನಾನ ಮಾಡುವಾಗ ಎದೆಯಲ್ಲಿ ಹೊಸ ಗಂಟು ಕೈಗೆ ಸಿಕ್ಕರೆ ಮನೆಯವರಿಗೆ ಹೇಳಿ, ವೈದ್ಯರಿಗೆ ತೋರಿಸಿ. ಬಹುಮಟ್ಟಿಗೆ ನೀವು ನಿಶ್ಚಿಂತೆಯಿಂದ ಮನೆಗೆ ಮರಳುವಿರಿ. ಒಂದು ವೇಳೆ ಕ್ಯಾನ್ಸರ್ ಆಗಿದ್ದರೂ ಬೇಗ ತೋರಿಸಿದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು.