ಚಾಸಿಗೆ ಜಂಗು ಹಿಡಿದಾಗ: ಕತ್ತರಿಸುವ ಮೊದಲು ತಿಳಿಯಬೇಕಾದದ್ದು

ಕೆಲಗೇರಿ ಧಾರವಾಡದ ಪಶ್ಚಿಮದ ಅಂಚು. ಇಲ್ಲಿಂದ ಗೋವಾ ರಸ್ತೆ ಹಿಡಿದು ಅಳ್ನಾವರದತ್ತ ಹೋದರೆ ಮಲೆನಾಡಿನ ಮಳೆ, ಪೂರ್ವಕ್ಕೆ ತಿರುಗಿ ನವಲಗುಂದದತ್ತ ಹೋದರೆ ಎರಿ ಮಣ್ಣು. ಹಳೆಯ ಮಹೀಂದ್ರಾ ಜೀಪಿನ ಚಾಸಿಗೆ ಈ ಎರಡೂ ಒಗ್ಗುವುದಿಲ್ಲ. ಮಳೆಯ ತೇವವನ್ನು ಚಾಸಿಯ ಸಂದಿನಲ್ಲಿ ಮೆತ್ತಿಕೊಂಡ ಮಣ್ಣು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಗಾಡಿ ಕಾರವಾರ, ಗೋವಾ ಕಡಲ ದಂಡೆ ಸುತ್ತಿ ಬಂದಿದ್ದರೆ ಆ ತೇವಕ್ಕೆ ಉಪ್ಪೂ ಸೇರುತ್ತದೆ.

ಇಂಥ ಗಾಡಿಯನ್ನು ಗ್ಯಾರೇಜಿಗೆ ಒಯ್ದರೆ ಸಿಗುವ ಸಲಹೆ ಸಾಮಾನ್ಯವಾಗಿ ಎರಡು. ಒಂದು, ತೂತಿನ ಮೇಲೆ ಪತ್ರಾ ಹಚ್ಚಿ ವೆಲ್ಡಿಂಗ್ ಹೊಡೆಯುವುದು. ಇನ್ನೊಂದು, ಗುಜರಿಯಿಂದ ಬೇರೆ ಚಾಸಿ ತಂದು ಹಾಕುವುದು. ಮೊದಲನೆಯದರಿಂದ ಜಂಗು ಮುಚ್ಚಿಹೋಗುತ್ತದೆಯೇ ಹೊರತು ಅಳಿಯುವುದಿಲ್ಲ. ಎರಡನೆಯದರಿಂದ ಗಾಡಿ ಉಳಿದೀತು, ಅದರ ಗುರುತು ಉಳಿಯುವುದಿಲ್ಲ. ಜಂಗು ತಿಂದ ಭಾಗವನ್ನಷ್ಟೇ ಕತ್ತರಿಸಿ, ಗಟ್ಟಿ ಲೋಹಕ್ಕೆ ಹೊಸ ಉಕ್ಕು ಬೆಸೆದು, ಮೂಲ ಚಾಸಿಯನ್ನೇ ಉಳಿಸಿಕೊಳ್ಳುವುದು ಹೆಚ್ಚಿನ ಸಂದರ್ಭಗಳಲ್ಲಿ ಸರಿಯಾದ ದಾರಿ.

ಮೊದಲು ಕಾಗದ

ಆರ್‌ಸಿ ತೆಗೆದು, ಅದರಲ್ಲಿರುವ ಚಾಸಿ ನಂಬರ್ ಗಾಡಿಯ ಮೇಲೆ ಎಲ್ಲಿ ಪಂಚ್ ಆಗಿದೆ ಎಂದು ಹುಡುಕಿ. ಬ್ರಷ್ಷಿನಿಂದ ಮೆಲ್ಲಗೆ ಸ್ವಚ್ಛ ಮಾಡಿ ಫೋಟೊ ತೆಗೆಯಿರಿ. ಆ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ. ನಂಬರ್ ಅಳಿದರೆ, ಅಥವಾ ನೀವೇ ಹೊಸದಾಗಿ ಪಂಚ್ ಮಾಡಿಸಿದರೆ, ಕಳವಿನ ಗಾಡಿಯೆಂಬ ಅನುಮಾನಕ್ಕೆ ದಾರಿಯಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿನ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. ನಂಬರ್ ಇರುವ ಭಾಗವೇ ಕೊಳೆತಿದ್ದರೆ ಕೆಲಸ ಶುರುವಾಗುವ ಮೊದಲೇ ಆರ್‌ಟಿಒಗೆ ಹೋಗಿ ಕೇಳಿ.

50 ವರ್ಷ ದಾಟಿದ ಗಾಡಿಯಾದರೆ ಮೂಲ ಚಾಸಿಯನ್ನೇ ಉಳಿಸಿಕೊಳ್ಳಲು ಇನ್ನೊಂದು ಕಾರಣವಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿತು. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಶೆಲ್, ಇಂಜಿನ್ ಮಾರ್ಪಾಡಾಗಿದ್ದರೆ ಅರ್ಹತೆ ತಪ್ಪುತ್ತದೆ.

ತೊಲೆಯೋ, ಪೆಟ್ಟಿಗೆಯೋ?

ಮಹೀಂದ್ರಾ ದಶಕಗಟ್ಟಲೆ ತಯಾರಿಸಿದ ಸಿಜೆ-3ಬಿ ಮಾದರಿಯ ಜೀಪಿಗೆ ಏಣಿಯಂಥ ಬಿಡಿ ಚಾಸಿ ಇದೆ: ಉದ್ದಕ್ಕೆ ಎರಡು ಉಕ್ಕಿನ ತೊಲೆ, ಅವನ್ನು ಜೋಡಿಸುವ ಕ್ರಾಸ್ ಮೆಂಬರ್‌ಗಳು. ಬಾಡಿಯನ್ನು ಬೋಲ್ಟ್ ಬಿಚ್ಚಿ ಎತ್ತಬಹುದು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಬಿಡಿ ಚಾಸಿಯ ಕಾರೇ.

ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಯ ಕಥೆ ಬೇರೆ. ಅವಕ್ಕೆ ಬಿಡಿ ಚಾಸಿಯೇ ಇಲ್ಲ. ನೆಲ, ಬಾಗಿಲ ಕೆಳಗಿನ ಪೆಟ್ಟಿಗೆ ಪಟ್ಟಿ, ಕಂಬ, ಚಾವಣಿ ಎಲ್ಲ ಸೇರಿಯೇ ಭಾರ ಹೊರುತ್ತವೆ. ಬಾಗಿಲ ಕೆಳಗಿನ ಪೆಟ್ಟಿಗೆ ಕೊಳೆತರೆ ಕಾರು ನಡುವಿನಲ್ಲಿ ಕುಸಿಯುತ್ತದೆ. ಪರೀಕ್ಷೆ ಸುಲಭ: ಹಿಂದಿನ ಬಾಗಿಲು ತೆರೆದು, ಜಾಕ್ ಕೊಟ್ಟು ಕಾರು ಎತ್ತಿ, ಬಾಗಿಲು ಮತ್ತೆ ಸರಾಗವಾಗಿ ಮುಚ್ಚುತ್ತದೆಯೇ ನೋಡಿ. ಸಂದಿ ಬದಲಾದರೆ, ಬಾಗಿಲು ಹಿಡಿದರೆ ಪೆಟ್ಟಿಗೆ ಸೋತಿದೆ. ಅಂಥ ಕಾರಿನಲ್ಲಿ ಪೆಟ್ಟಿಗೆ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಆ್ಯಂಗಲ್ ಕೊಟ್ಟು ಬಿಗಿಯದಿದ್ದರೆ ಮುಂದೆ ಯಾವ ಬಾಗಿಲೂ ಕೂರುವುದಿಲ್ಲ.

ಜಂಗು ಎಲ್ಲಿ ಅಡಗಿರುತ್ತದೆ

ಕಣ್ಣಿಗೆ ಬೀಳುವ ಕೆಂಪು ಪದರ ಅಷ್ಟು ಅಪಾಯಕಾರಿಯಲ್ಲ. ಅಪಾಯ ಇರುವುದು ಎರಡು ತಗಡು ಕೂಡುವ ಸಂದಿನಲ್ಲಿ. ಕಬ್ಬಿಣ, ನೀರು, ಆಮ್ಲಜನಕ ಸೇರಿ ಆದ ಜಂಗು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಜಾಗ ಸಾಲದೆ ಅದು ತಗಡುಗಳನ್ನೇ ಅಗಲಿಸುತ್ತದೆ. ರಿವೆಟ್‌ಗಳ ನಡುವೆ ಪತ್ರಾ ಉಬ್ಬಿದ್ದರೆ ಒಳಗೆ ಜಂಗಿದೆ ಎಂದೇ ಅರ್ಥ.

ಮಣ್ಣು, ಹಳೆಯ ಗ್ರೀಸು ಕೆರೆದು ತೆಗೆದ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಕೊಳೆತದ್ದು ಬದ್ದೆನ್ನುತ್ತದೆ. ಅನುಮಾನ ಬಂದ ಕಡೆ ಸ್ಕ್ರೂ ಡ್ರೈವರ್ ಒತ್ತಿ ನೋಡಿ, ಸೀಮೆಸುಣ್ಣದಿಂದ ಗುರುತು ಹಾಕಿ. ಜೀಪಿನಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಲೀಫ್ ಸ್ಪ್ರಿಂಗ್ ಕೂರುವ ಬ್ರಾಕೆಟ್, ಸ್ಟೇರಿಂಗ್ ಬಾಕ್ಸ್ ಬಿಗಿದ ಜಾಗ, ಹಿಂದಿನ ಕ್ರಾಸ್ ಮೆಂಬರ್, ಮತ್ತು ತೊಲೆಗೆ ತಗಡು ಮುಚ್ಚಿ ಪೆಟ್ಟಿಗೆ ಮಾಡಿದ ಭಾಗ.

ನಂತರ ಅಳತೆ. ಮುಂದಿನ ಎಡ ಸ್ಪ್ರಿಂಗ್ ಬೋಲ್ಟಿನಿಂದ ಹಿಂದಿನ ಬಲ ಬೋಲ್ಟಿಗೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಟೇಪ್ ಹಿಡಿಯಿರಿ. ಎರಡು ಕರ್ಣಗಳ ನಡುವೆ 5-6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಚಾಸಿ ತಿರುಚಿದೆ. ಮೊದಲು ಅದನ್ನು ನೇರ ಮಾಡಿಸಬೇಕು. ಸಿಜೆ-3ಬಿಯ ಮುಂದಿನ-ಹಿಂದಿನ ಗಾಲಿಗಳ ನಡುವಿನ ಅಂತರ 80 ಇಂಚು. ಎಡಬಲ ಎರಡೂ ಕಡೆ ಅದು ಒಂದೇ ಬರಬೇಕು.

ಜಂಗು ತೆಗೆಯುವುದು

ಬಾಡಿ ಎತ್ತಿದ ಬರಿ ಚಾಸಿಗೆ ಸ್ಯಾಂಡ್ ಬ್ಲಾಸ್ಟಿಂಗ್ ಉತ್ತಮ. ಎಲ್ಲಿ ಲೋಹ ತೆಳುವಾಗಿದೆ ಎಂಬುದನ್ನೂ ಅದು ಬಯಲು ಮಾಡುತ್ತದೆ. ತೆಳು ಬಾಡಿ ತಗಡಿಗೆ ಮಾತ್ರ ಅದೇ ಜೋರು ಬೇಡ, ತಗಡು ಸೊಟ್ಟಗಾಗುತ್ತದೆ. ಬ್ರಾಕೆಟ್, ಬೋಲ್ಟಿನಂಥ ಸಣ್ಣ ಉಕ್ಕಿನ ಭಾಗಗಳನ್ನು ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರ ಎರಡು ವಾರ ನೆನೆಸಿದರೆ ಜಂಗು ಬಿಡುತ್ತದೆ. ಅಲ್ಯುಮಿನಿಯಂ ಭಾಗಗಳನ್ನು ಅದರಲ್ಲಿ ಹಾಕಬೇಡಿ.

ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರ್‌ಗಳಲ್ಲಿ ಫಾಸ್ಫಾರಿಕ್ ಆಮ್ಲವೋ ಟ್ಯಾನಿಕ್ ಆಮ್ಲವೋ ಇರುತ್ತದೆ. ಟ್ಯಾನಿಕ್ ಆಮ್ಲ ಜಂಗನ್ನು ಕಪ್ಪು ಪದರವಾಗಿ ಕಟ್ಟುತ್ತದೆ. ಹಿಂದಿನವರು ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಇದು ಮೇಲ್ಮೈ ಜಂಗಿಗೆ ಮದ್ದು. ಸವೆದು ತೆಳುವಾದ ಉಕ್ಕಿಗೆ ಬಲ ಕೊಡಲಾರದು.

ಕತ್ತರಿಸಿ ಬೆಸೆಯುವುದು

ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಕೆಳಗಿಳಿಸಿ ದೂರ ಇಡಿ. ಟ್ಯಾಂಕ್ ಖಾಲಿಯಿದೆ ಎಂದು ಉದಾಸೀನ ಬೇಡ, ಒಳಗಿನ ಆವಿಯೇ ಸ್ಫೋಟಿಸುವುದು. ಚಾಸಿಯನ್ನು ಸ್ಪ್ರಿಂಗ್ ಕೂರುವ ಜಾಗಗಳಲ್ಲಿ ಗಟ್ಟಿ ಸ್ಟ್ಯಾಂಡ್ ಕೊಟ್ಟು ಮಟ್ಟ ಮಾಡಿ.

ತೂತಿನ ಅಂಚಿಗಲ್ಲ, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ. ಹೊಸ ತುಂಡಿನ ದಪ್ಪ ಚಾಸಿಯ ಜಂಗಿಲ್ಲದ ಭಾಗದ ದಪ್ಪಕ್ಕೆ ಸರಿಯಾಗಿರಲಿ. ಬಲ ಬರಲೆಂದು ದುಪ್ಪಟ್ಟು ದಪ್ಪ ಹಾಕಿದರೆ ಅದರ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಜಿ.ಐ. ತಗಡು ಬೇಡ, ಅದರ ಸತುವಿನ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ. ತೊಲೆಗೆ ಅಡ್ಡಲಾಗಿ ನೇರ ಕೊಯ್ಯುವ ಬದಲು ಓರೆಯಾಗಿಯೋ ಮೆಟ್ಟಿಲಾಗಿಯೋ ಕೊಯ್ದರೆ ಬೆಸುಗೆಯ ಗೆರೆ ಉದ್ದವಾಗಿ ಭಾರ ಹಂಚಿಹೋಗುತ್ತದೆ. ಕೂಡಿಕೆಯ ಒಳಬದಿಗೆ ತುದಿ ಚೂಪಾದ ಪಟ್ಟಿ ಕೊಡಬಹುದು. ತೊಲೆಯ ಮೇಲಂಚು, ಕೆಳಂಚುಗಳೇ ಹೆಚ್ಚು ಒತ್ತಡ ಹೊರುವುದರಿಂದ ಅಲ್ಲಿ ಹೊಸ ತೂತು ಕೊರೆಯಬೇಡಿ, ಪಟ್ಟಿಯ ಬೆಸುಗೆಯನ್ನೂ ಅಂಚಿಗೆ ಅಡ್ಡ ಎಳೆಯಬೇಡಿ.

ಮೊದಲು ಚುಕ್ಕಿ ಬೆಸುಗೆ, ಆಮೇಲೆ ಮತ್ತೆ ಕರ್ಣದ ಅಳತೆ. ಸರಿ ಬಂದರೆ ಇಂಚು ಇಂಚಾಗಿ, ಎದುರು ಬದುರು ಬೆಸೆಯಬೇಕು. ಒಂದೇ ಉಸಿರಿಗೆ ಎಳೆದರೆ ಬಿಸಿಗೆ ಚಾಸಿ ಸೊಟ್ಟಗಾಗುತ್ತದೆ. ಒಂದು ಕಡೆಯ ಕೆಲಸ ಮುಗಿಯುವವರೆಗೆ ಇನ್ನೊಂದು ಕಡೆ ಕತ್ತರಿಸಬಾರದು. ಹಿತ್ತಾಳೆ ಬೆಸುಗೆಯಾಗಲಿ ಪುಟ್ಟಿಯಾಗಲಿ ಚಾಸಿಗೆ ಸಲ್ಲದು.

ಮತ್ತೆ ಬಾರದಂತೆ

ಬೆಸುಗೆ ತಣಿದು ಸ್ವಚ್ಛವಾದ ಕೂಡಲೇ ಎಪಾಕ್ಸಿ ಅಥವಾ ಸತುವಿನ ಪ್ರೈಮರ್, ಮೇಲೆ ಚಾಸಿ ಪೇಂಟ್. ಪೆಟ್ಟಿಗೆಯ ಒಳಕ್ಕೆ ಉದ್ದ ನಳಿಕೆಯಿಂದ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಹೊಡೆಸಿ. ನೀರಿಳಿಯುವ ತೂತುಗಳನ್ನು ಪೇಂಟ್ ಮುಚ್ಚಿದ್ದರೆ ಬಿಡಿಸಿ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಅಡಿಯಿಂದ, ತೊಲೆಯ ಒಳಬದಿಗೂ ನೀರು ಹಾಯಿಸಿ ಮಣ್ಣು ತೊಳೆದು, ಪೂರ್ತಿ ಒಣಗಿಸಿ ನಿಲ್ಲಿಸಬೇಕು.

ಎರಡೂ ತೊಲೆ ಹಲವು ಕಡೆ ಸೋತು, ಸ್ಪ್ರಿಂಗ್ ಮತ್ತು ಸ್ಟೇರಿಂಗ್ ಬ್ರಾಕೆಟ್‌ಗಳೂ ಕಳಚುವಂತಿದ್ದರೆ ಆ ಗಾಡಿಯನ್ನು ರಸ್ತೆಗಿಳಿಸುವ ಆಸೆ ಬಿಡುವುದೇ ವಿವೇಕ. ಉಳಿದವಕ್ಕೆ ಮಿಸ್ತ್ರಿಯೊಂದಿಗೆ ಮೊದಲೇ ಮಾತಾಗಲಿ: ಕತ್ತರಿಸುವ ಮುನ್ನದ ಫೋಟೊ, ಬೆಸೆದ ಮೇಲಿನ ಫೋಟೊ, ಎರಡು ಸಲದ ಅಳತೆ, ಉಕ್ಕಿನ ಬಿಲ್. 15 ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೆ ನವೀಕರಣಕ್ಕೆ ಬರುವಾಗ, ಮುಂದೆ ಗಾಡಿ ಮಾರುವಾಗ, ಪೇಂಟಿನ ಕೆಳಗೆ ಏನು ಕೆಲಸವಾಗಿದೆ ಎಂದು ಕೇಳಿದವರಿಗೆ ತೋರಿಸಲು ಆ ಕಡತ ಕೈಯಲ್ಲಿರುತ್ತದೆ.