ಸ್ವೆಟರಿನ ಕುಣಿಕೆಯಲ್ಲಿ ಗಣಿತ

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನ ಕರಿಯ ಕಂಬಳಿಯನ್ನು ಕಾಣದವರು ನಮ್ಮ ಸೀಮೆಯಲ್ಲಿ ವಿರಳ. ಅದು ಮಗ್ಗದಲ್ಲಿ ನೇಯ್ದುದು. ಹಾಸುಹೊಕ್ಕಿನ ನೂಲುಗಳು ನೇರವಾಗಿ ಹಾಯುವುದರಿಂದ ಹೆಚ್ಚು ಹಿಗ್ಗದು. ಸ್ವೆಟರಾದರೋ ಕುಣಿಕೆಗಳ ಸಾಲು. ಎಳೆದಾಗ ಕುಣಿಕೆಯ ಆಕಾರವು ಬದಲಾಗಿ ಹೆಣಿಗೆಯು ಹಿಗ್ಗುತ್ತದೆ.

ಈ ಧೈರ್ಯದಿಂದಲೇ ಹಳೆಯ ಮಾದರಿಯ ಸಾದಾ ಸ್ವೆಟರೊಂದನ್ನು ಹೆಣೆಯಲು ನಾವು ಮೊದಲು ಕುಳಿತೆವು. ಎದೆಯ ಸುತ್ತಳತೆ 32 ಅಂಗುಲ. ಸಡಿಲಕ್ಕೆ 2 ಸೇರಿಸಿ 34. ಅಂಗುಲಕ್ಕೆ 5 ಕುಣಿಕೆಯೆಂದೆಣಿಸಿ ಮುಂಭಾಗಕ್ಕೆ 85, ಹಿಂಭಾಗಕ್ಕೆ 85 ಹಾಕಿದೆವು. ಆದರೆ ಹೊಸಗೈಯ ಬಿಗಿತದಿಂದ ಅಂಗುಲಕ್ಕೆ 6 ಬಿದ್ದಿದ್ದವು! ಒಂದು ಕುಣಿಕೆಯಲ್ಲಿ ಅಂಗುಲದ ಮೂವತ್ತನೆಯ ಒಂದು ಪಾಲಿನಷ್ಟೇ ದೋಷ. 170 ಕುಣಿಕೆಗಳಲ್ಲಿ ಐದೂವರೆ ಅಂಗುಲಕ್ಕೂ ಮೀರಿತು. ಸ್ವೆಟರು ಹಿಗ್ಗಿ ಮೈಗೇರಿತೇನೋ ನಿಜ. ಆದರೆ ಹಿಗ್ಗಿದ ಹೆಣಿಗೆ ತೆಳುವಾಗಿ, ಅದರೊಳಗೆ ನಿಲ್ಲುವ ಗಾಳಿಯು ಕಡಮೆಯಾಗುತ್ತದೆ. ಉಷ್ಣದ ಮಂದವಾಹಕವಾದ ಆ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು.

ಆದುದರಿಂದ, ಎಳೆಯ ಮಿತ್ರರೇ, ಮೊದಲು ಅಂಗೈಯಗಲದ ಮಾದರಿ ತುಂಡೊಂದನ್ನು ಹೆಣೆಯಿರಿ. ಒಗೆದು, ಒಣಗಿಸಿ, ಅಂಚನ್ನು ಬಿಟ್ಟು ನಡುವಿನ ಕುಣಿಕೆಗಳನ್ನು ಎಣಿಸಿರಿ. ಲೆಕ್ಕಕ್ಕಿಂತ ಹೆಚ್ಚಿದ್ದರೆ ದಪ್ಪನೆಯ ಕಡ್ಡಿಯನ್ನೂ, ಕಡಮೆಯಿದ್ದರೆ ಸಣ್ಣ ಕಡ್ಡಿಯನ್ನೂ ಹಿಡಿಯಿರಿ. ಒಂದು ಸಂಜೆಯ ಈ ಪರೀಕ್ಷೆಯು ಒಂದು ತಿಂಗಳ ಹೆಣಿಗೆಯನ್ನು ಬಿಚ್ಚುವ ದುಃಖವನ್ನು ತಪ್ಪಿಸುತ್ತದೆ.